ಸಂತೆ ಮುಗಿಯಿತು, ಲೆಕ್ಕ ಎಲ್ಲಿ?

ವರ್ಷಕ್ಕೊಮ್ಮೆ ನಮ್ಮ ಸರಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ಯ ಸುಗ್ಗಿ ಬರುತ್ತದೆ. ಕೆಲವೆಡೆ ಅದಕ್ಕೆ ‘ಮೆಟ್ರಿಕ್ ಮೇಳ’ ಎಂದೂ ಹೆಸರು. ಶಾಲೆಯ ಅಂಗಳದಲ್ಲಿ ಗೋಣಿತಾಟು ಹಾಸಿ, ಸೊಪ್ಪು, ಬದನೆಕಾಯಿ, ನಿಂಬೆಹಣ್ಣು, ಚುರುಮುರಿ, ಮಜ್ಜಿಗೆ ಇಟ್ಟುಕೊಂಡು ಮಕ್ಕಳು ಕೂಗಿ ಕೂಗಿ ಮಾರುತ್ತಾರೆ. ಅಪ್ಪ ಅಮ್ಮ ಕೊಳ್ಳುತ್ತಾರೆ, ಮೇಷ್ಟ್ರು ಕೊಳ್ಳುತ್ತಾರೆ, ಉದ್ಘಾಟನೆಗೆ ಬಂದ ಮುಖಂಡರು ಒಂದು ಕಟ್ಟು ಕೊತ್ತಂಬರಿ ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಮರುದಿನ ಸುದ್ದಿ: ‘ಮಕ್ಕಳಿಂದ ಸಾವಿರಾರು ರೂಪಾಯಿ ವಹಿವಾಟು.’

ವಹಿವಾಟು ಎಷ್ಟು ಅಂತ ಎಲ್ಲರೂ ಹೇಳುತ್ತಾರೆ. ಲಾಭ ಎಷ್ಟು ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಗೊತ್ತಿಲ್ಲ, ಹೆಡ್ಮಾಸ್ಟರಿಗೆ ಗೊತ್ತಿಲ್ಲ, ಉದ್ಘಾಟಕರಿಗಂತೂ ಬೇಕಾಗಿಯೇ ಇಲ್ಲ.

ಸಂತೆ ಕೆಟ್ಟದ್ದೆಂದು ಯಾರೂ ಹೇಳಬೇಕಾಗಿಲ್ಲ. ಮೂಲೆಯಲ್ಲಿ ಮುದುಡಿ ಕೂರುವ ಹುಡುಗಿ ಅವತ್ತು ನಾಲ್ಕು ಜನರೆದುರು ಬಾಯಿ ಬಿಟ್ಟು ಮಾತಾಡುತ್ತಾಳೆ. ಚಿಲ್ಲರೆ ಎಣಿಸಲು ಬಾರದ ಹುಡುಗ ಎಣಿಸಲು ಕಲಿಯುತ್ತಾನೆ. ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಪ್ರೈಮರಿ ಶಾಲೆಗೆ ಸಾಕಾದದ್ದು ಹೈಸ್ಕೂಲಿಗೂ ಸಾಕೆ? ಮಾರುವುದೊಂದು ವಿದ್ಯೆ, ವ್ಯಾಪಾರ ನಡೆಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಒಂದು ದಿನದಲ್ಲಿ ತೋರಿಸಬಹುದು. ಎರಡನೆಯದಕ್ಕೆ ಒಂದು ವರ್ಷ ಬೇಕು, ಒಂದು ಪುಸ್ತಕ ಬೇಕು, ಸ್ವಲ್ಪ ಲುಕ್ಸಾನೂ ಬೇಕು.

ಸೊಪ್ಪು ಎಲ್ಲಿಂದ ಬಂತು?

ಮಕ್ಕಳ ಸಂತೆಯ ಸೊಪ್ಪು ಸಾಮಾನ್ಯವಾಗಿ ಹಿತ್ತಲಿನದು, ಇಲ್ಲವೆ ಹೊಲದ್ದು. ಚುರುಮುರಿಗೆ ಮಂಡಕ್ಕಿ, ಈರುಳ್ಳಿ ಅಮ್ಮನ ಅಡಿಗೆಮನೆಯಿಂದ ಬಂದದ್ದು. ಅಸಲು ಸೊನ್ನೆ. ಅಂದಮೇಲೆ ಡಬ್ಬಿಗೆ ಬಿದ್ದದ್ದೆಲ್ಲ ಲಾಭ! ಇಂಥ ವ್ಯಾಪಾರ ಪ್ರಪಂಚದಲ್ಲಿ ಯಾರಿಗೆ ಬೇಡ? ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನನ್ನು ಕೇಳಿ, ಅವನು ನಕ್ಕು ಸುಮ್ಮನಾದಾನು.

ಈ ಬಿಟ್ಟಿ ಅಸಲಿನ ಮೋಸವನ್ನು ಅಮೆರಿಕದ ಒಂದು ಕಂಪ್ಯೂಟರ್ ಆಟ ಬಹಳ ಹಿಂದೆಯೇ ಹಿಡಿದಿತ್ತು. 1973ರಲ್ಲಿ ಮಿನ್ನೆಸೋಟಾ ರಾಜ್ಯದಲ್ಲಿ ಶಾಲೆಗಳಿಗೆಂದು ಮಾಡಿದ ಆಟ ಅದು, ಹೆಸರು ‘ಲೆಮನೇಡ್ ಸ್ಟ್ಯಾಂಡ್’. ಅಂದರೆ ನಿಂಬೆ ಪಾನಕದ ಅಂಗಡಿ. ಆಮೇಲೆ ಆಪಲ್ ಕಂಪ್ಯೂಟರಿಗೂ ಬಂತು. ದಿನಾ ಬೆಳಿಗ್ಗೆ ಹವಾಮಾನ ಹೇಳುತ್ತದೆ. ಇವತ್ತು ಎಷ್ಟು ಲೋಟ ಮಾಡಬೇಕು, ಎಷ್ಟು ಜಾಹೀರಾತು ಫಲಕ ಹಾಕಬೇಕು, ಲೋಟಕ್ಕೆ ಎಷ್ಟು ದರ ಇಡಬೇಕು, ಈ ಮೂರನ್ನೂ ಹುಡುಗನೇ ತೀರ್ಮಾನಿಸಬೇಕು. ಒಂದು ಫಲಕಕ್ಕೆ 15 ಸೆಂಟ್. ಒಂದು ಲೋಟಕ್ಕೆ ಅಸಲು 2 ಸೆಂಟ್. ಆದರೆ ಇದು ಮೊದಲೆರಡು ದಿನ ಮಾತ್ರ. ಯಾಕೆಂದರೆ ಆ ಎರಡು ದಿನ ಸಕ್ಕರೆ ಅಮ್ಮ ಬಿಟ್ಟಿ ಕೊಟ್ಟದ್ದು. ಮೂರನೆಯ ದಿನ ಅಮ್ಮ ಕೈ ಎತ್ತುತ್ತಾಳೆ, ಅಸಲು 4 ಸೆಂಟಿಗೆ ಏರುತ್ತದೆ. ದರ ಬದಲಾಯಿಸದೆ ಕೂತವನು ಅಲ್ಲಿಗೆ ಕೆಟ್ಟ. ಗುಡುಗು ಮಳೆ ಬಂದರೆ ಅವತ್ತು ಮಾಡಿಟ್ಟ ಪಾನಕವೆಲ್ಲ ಚರಂಡಿಗೆ.

ಎಂಥ ಸಣ್ಣ ಆಟ! ಆದರೆ ನಮ್ಮ ಸಂತೆ ಕಲಿಸದ ಪಾಠ ಅದರೊಳಗಿದೆ. ಅಮ್ಮನ ಸಕ್ಕರೆ ಎರಡೇ ದಿನ, ಆಮೇಲೆ ಎಲ್ಲಕ್ಕೂ ಬೆಲೆ ಉಂಟು.

ನೂರು ವರ್ಷದ ಹಳೆಯ ಕಂಪನಿ

ಹುಡುಗರ ಕೈಗೆ ಅಣಕು ಕಂಪನಿಯೊಂದನ್ನು ಕೊಟ್ಟು ವ್ಯವಹಾರ ಕಲಿಸುವುದು ಇವತ್ತಿನ ಹೊಸ ಫ್ಯಾಷನ್ ಅಲ್ಲ. 1919ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಮೂವರು ಸೇರಿ ಇದಕ್ಕೆ ಕೈ ಹಾಕಿದರು. ಕಾಗದದ ಕಾರ್ಖಾನೆಯ ಒಡೆಯ ಹೊರೇಸ್ ಮೋಸಸ್, ಟೆಲಿಫೋನ್ ಕಂಪನಿಯ ಮುಖ್ಯಸ್ಥರಾಗಿದ್ದ ಥಿಯೊಡರ್ ವೇಲ್, ಸೆನೆಟರ್ ಆಗಿದ್ದ ಮರೆ ಕ್ರೇನ್. ಹಳ್ಳಿಯ ಹುಡುಗರು ಹೊಲ ಬಿಟ್ಟು ಪೇಟೆ ಸೇರುತ್ತಿದ್ದ ಕಾಲ ಅದು. ಪೇಟೆಯ ವ್ಯವಹಾರ ಗೊತ್ತಿಲ್ಲದೆ ಇವರು ಮೋಸ ಹೋಗಬಾರದು ಎಂಬುದು ಆಲೋಚನೆ. ಆ ಸಂಸ್ಥೆಗೆ ಆಮೇಲೆ ‘ಜೂನಿಯರ್ ಅಚೀವ್‌ಮೆಂಟ್’ ಎಂಬ ಹೆಸರು ನಿಂತಿತು.

ಅದರ ಪದ್ಧತಿ ಸರಳ. ಶಾಲೆ ಬಿಟ್ಟ ಮೇಲೆ ಹುಡುಗರು ಹುಡುಗಿಯರು ಸೇರಿ ಒಂದು ಪುಟ್ಟ ಕಂಪನಿ ಕಟ್ಟುತ್ತಾರೆ. ಓಟು ಹಾಕಿ ಅಧ್ಯಕ್ಷ, ಖಜಾಂಚಿ, ಮಾರಾಟದ ಮೆನೇಜರನ್ನು ಆರಿಸುತ್ತಾರೆ. ನೆರೆಹೊರೆಯವರಿಗೆ ಷೇರು ಮಾರಿ ಬಂಡವಾಳ ಎತ್ತುತ್ತಾರೆ. ಒಂದು ಸಾಮಾನು ತಯಾರಿಸಿ ಮಾರುತ್ತಾರೆ. ಬಾಡಿಗೆ, ಕೂಲಿ, ಕಮಿಷನ್ ಎಲ್ಲ ಪುಸ್ತಕಕ್ಕೆ ಹತ್ತಿಸುತ್ತಾರೆ. ಪಕ್ಕದಲ್ಲಿ ಸಲಹೆಗೆ ಊರಿನ ನಿಜವಾದ ವ್ಯಾಪಾರಸ್ಥರು ಕೂರುತ್ತಾರೆ. ವರ್ಷದ ಕೊನೆಗೆ, ಇದೇ ಮುಖ್ಯವಾದದ್ದು, ಕಂಪನಿಯನ್ನು ಮುಚ್ಚುತ್ತಾರೆ! ದಾಸ್ತಾನು ಮಾರಿ, ಬಾಕಿ ತೀರಿಸಿ, ಉಳಿದದ್ದನ್ನು ಷೇರುದಾರರಿಗೆ ಹಂಚಿ, ಲೆಕ್ಕ ಓದಿ ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಷೇರು ಕೊಂಡವರು ಬೀದಿಯವರು, ಸೋದರಮಾವ, ಮೂಲೆ ಅಂಗಡಿಯವರು. ಪರರ ದುಡ್ಡು. ನಾಳೆ ಬೀದಿಯಲ್ಲಿ ಮುಖ ತೋರಿಸಬೇಕು. ಕಂಪನಿ ಅಣಕೇ ಇರಬಹುದು, ಆ ಮರ್ಯಾದೆ ಮಾತ್ರ ಅಣಕಲ್ಲ.

ಒಂದು ಚೀಲದ ಲೆಕ್ಕ

ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದು ಕಷ್ಟ. ಒಂದು ಲೆಕ್ಕ ಹಾಕಿ ನೋಡೋಣ. ಒಂಬತ್ತನೆ ತರಗತಿಯ 30 ಮಕ್ಕಳು ತಲೆಗೊಂದರಂತೆ 50 ರೂಪಾಯಿಯ 30 ಷೇರು ಮಾರಿದರು ಅನ್ನಿ. ಬಂಡವಾಳ 1,500 ರೂಪಾಯಿ. 100 ಬಟ್ಟೆ ಚೀಲ ಮಾಡುವುದೆಂದು ತೀರ್ಮಾನ. ಬಟ್ಟೆಗೆ 900, ದಾರ ಮತ್ತು ಅಚ್ಚಿಗೆ 150. ಹೊಲಿದ ದರ್ಜಿಗೆ ಚೀಲಕ್ಕೆ 5ರಂತೆ 500. ಮಾರಾಟದ ಮೇಜಿಗೆ ಬಾಡಿಗೆ 50. ಮಾರಿದವರಿಗೆ ಚೀಲಕ್ಕೆ ಒಂದು ರೂಪಾಯಿ ಕಮಿಷನ್. ಮಾರುವ ದರ 20.

ಮೊದಲ ತೊಡಕು ಮಾರಾಟಕ್ಕೆ ಮುಂಚೆಯೇ. ಬಟ್ಟೆ, ದಾರ, ಅಚ್ಚಿಗೆ 1,050 ಕೊಟ್ಟ ಮೇಲೆ ಪೆಟ್ಟಿಗೆಯಲ್ಲಿ ಉಳಿದದ್ದು 450. ದರ್ಜಿಗೆ ಕೊಡಬೇಕಾದದ್ದು 500. ಇನ್ನೂ ಒಂದು ಚೀಲ ಮಾರಿಲ್ಲ, ಆಗಲೇ 50 ರೂಪಾಯಿ ಸಾಲ. ಕಾಗದದ ಮೇಲೆ ಲಾಭ ಇದ್ದರೂ ಕೈಯಲ್ಲಿ ಕಾಸಿಲ್ಲದೆ ಅಂಗಡಿ ಮುಚ್ಚುವುದು ಹೀಗೆಯೇ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು. 80 ಚೀಲ ಹೋದವು, 20 ಉಳಿದವು. ಬಂದದ್ದು 1,600. ಹೊಲಿದದ್ದು ಯಾರದೋ ಅಮ್ಮ, ಮೇಜು ಶಾಲೆಯದು, ಕಮಿಷನ್ ಮಾತೇ ಇಲ್ಲ ಅಂತಾದರೆ ಖರ್ಚು ಬರೀ 1,050. ‘550 ರೂಪಾಯಿ ಲಾಭ’ ಅಂತ ಚಪ್ಪಾಳೆ ಬೀಳುತ್ತದೆ. ಇದು ಸಂತೆಯ ಲೆಕ್ಕ. ಕಂಪನಿ ಲೆಕ್ಕದಲ್ಲಿ ಕೂಲಿ 500, ಬಾಡಿಗೆ 50, ಕಮಿಷನ್ 80 ಸೇರಿ ಒಟ್ಟು ಖರ್ಚು 1,680. ಅಂದರೆ 80 ರೂಪಾಯಿ ಲುಕ್ಸಾನು! ಅದೇ ಚೀಲ, ಅದೇ ಗಿರಾಕಿ, ಅದೇ ದರ. ಬದಲಾದದ್ದು ಒಂದೇ: ಅಮ್ಮನ ದುಡಿಮೆಗೆ, ಮೇಜಿಗೆ, ಮಾರಿದವರ ಶ್ರಮಕ್ಕೆ ಬೆಲೆ ಕಟ್ಟಿದ್ದು.

ಮೂರನೆಯದು. ಉಳಿದ 20 ಚೀಲವನ್ನು ಏನು ಮಾಡಬೇಕು? ದರ ಇಳಿಸಿದರೆ ಅವಮಾನ ಅಂತ ಒಬ್ಬ ಅನ್ನುತ್ತಾನೆ. ಅರ್ಧ ದರಕ್ಕೆ ಬಿಸಾಕಿ ಅಂತ ಇನ್ನೊಬ್ಬಳು. ಹತ್ತು ರೂಪಾಯಿಗೆ ಮಾರಿದರೆ 200 ಬಂತು, ಕಮಿಷನ್ 20 ಹೋಗಿ 180. ಎಂಬತ್ತರ ಲುಕ್ಸಾನು ಹೋಗಿ ನೂರರ ಲಾಭ ಆಯಿತು. 50ರ ಷೇರಿಗೆ 53 ರೂಪಾಯಿ ಹಿಂದಕ್ಕೆ ಕೊಡಬಹುದು, ಮೇಲೆ ಹತ್ತು ರೂಪಾಯಿ ಉಳಿಯುತ್ತದೆ. ಮುಂದಿನ ವರ್ಷ ಎಷ್ಟು ಚೀಲ ಹೊಲಿಸಬೇಕು ಎಂಬ ಬುದ್ಧಿಯೂ ಬರುತ್ತದೆ. ಆ ಬುದ್ಧಿ ಯಾವ ಪಠ್ಯಪುಸ್ತಕದ ಬಾಯಿಪಾಠದಿಂದಲೂ ಬರುವುದಿಲ್ಲ.

ದುಡ್ಡನ್ನೇ ಮುಟ್ಟಿಸದೆಯೂ ಇದನ್ನು ಕಲಿಸುವ ದೇಶಗಳಿವೆ. ಆಸ್ಟ್ರಿಯಾದ ವಾಣಿಜ್ಯ ಶಾಲೆಗಳಲ್ಲಿ ‘ಅಭ್ಯಾಸದ ಕಂಪನಿ’ ಪಾಠದ ಕಡ್ಡಾಯ ಭಾಗ. ಸಾಮಾನು ಸುಳ್ಳು, ಹಣ ಸುಳ್ಳು. ಆದರೆ ಆರ್ಡರು, ಬಿಲ್ಲು, ಸಂಬಳದ ಪಟ್ಟಿ, ತೆರಿಗೆ ಲೆಕ್ಕ ಎಲ್ಲ ನಿಜದ ನಮೂನೆಯಲ್ಲೇ. ಒಂದು ಶಾಲೆಯ ಕಂಪನಿ ಇನ್ನೊಂದು ಶಾಲೆಯ ಕಂಪನಿಗೆ ಮಾಲು ಮಾರುತ್ತದೆ. ಹಣ ಬಾರದಿದ್ದರೆ ತಗಾದೆ ಪತ್ರ ಬರೆಯುತ್ತದೆ. ಉದ್ದರಿ ವಸೂಲಿಯ ಸಂಕಟವನ್ನು ಹದಿನಾರರಲ್ಲೇ ಕಂಡ ಹುಡುಗ ಇಪ್ಪತ್ತಾರರಲ್ಲಿ ಸುಲಭವಾಗಿ ಮುಳುಗುವುದಿಲ್ಲ.

ವಹಿವಾಟು ಬೇರೆ, ಲಾಭ ಬೇರೆ

ಇದೆಲ್ಲ ಮಕ್ಕಳಾಟ, ನಮಗೇನು ಅಂತ ಅಂಗಡಿಯವರು ಅನ್ನಬಹುದು. ಹಾಗಾದರೆ 2025ರ ಜುಲೈ ತಿಂಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಲಿ. ಯುಪಿಐ ಮೂಲಕ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವರ್ತಕರಿಗೆ ನೋಟೀಸು ಕಳಿಸಿತು. 2021-22ರಿಂದ ಮುಂದಿನ ವರ್ಷಗಳ ಲೆಕ್ಕ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಆಗಬೇಕು ಎಂಬುದು ನಿಯಮ. ಬೇಕರಿ, ಬೀಡಾ ಅಂಗಡಿ, ಹಾಲಿನ ಅಂಗಡಿಯವರೆಲ್ಲ ಗಾಬರಿಯಾದರು. ಗೋಡೆಯ ಮೇಲಿನ ಕ್ಯೂ.ಆರ್. ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ತಗಲಿಸಿದರು. ಬಂದ್ ಮಾತೂ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ ಮಾತಾಡಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸಮಾಧಾನ ಹೇಳಬೇಕಾಯಿತು.

ಇಲಾಖೆ ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಇಲ್ಲಿ ನೋಡಬೇಕಾದದ್ದು ಇಷ್ಟು: ದಿನಕ್ಕೆ 12,000 ರೂಪಾಯಿ ಫೋನಿಗೆ ಬೀಳುವ ಅಂಗಡಿಯ ವರ್ಷದ ವಹಿವಾಟು 43 ಲಕ್ಷ 80 ಸಾವಿರ. ಕೇಳಿದವರು ‘ಅಬ್ಬಾ, ಸಾಹುಕಾರ!’ ಅನ್ನುತ್ತಾರೆ. ಆದರೆ ರೂಪಾಯಿಗೆ ಐದು ಪೈಸೆ ಉಳಿಯುವ ವ್ಯಾಪಾರವಾದರೆ ಅವನ ಪಾಲಿಗೆ ದಿನಕ್ಕೆ 600 ರೂಪಾಯಿ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಅಧಿಕಾರಿಯ ಮುಂದೆ ಕಾಗದ ಇಟ್ಟು ತೋರಿಸಲು ಎಷ್ಟು ಮಂದಿಗೆ ಆಯಿತು? ಹಾಲು, ತರಕಾರಿ ಮಾರಿದವನಿಗೆ ತೆರಿಗೆಯೇ ಇಲ್ಲ. ಆದರೆ ಇಂತಿಷ್ಟು ಹಾಲು ಮಾರಿದೆ ಅಂತ ಹೇಳಲು ಕಿರ್ದಿ ಬೇಕಲ್ಲ? ಕೊಂಡ ಚೀಟಿ ಇಲ್ಲ, ಮಾರಿದ ಚೀಟಿ ಇಲ್ಲ, ಮಗನ ಫೋನಿಗೆ ಬಂದದ್ದೂ ಅಂಗಡಿ ಹಣವೇ. ಎಲ್ಲ ತಲೆಯಲ್ಲೇ ಇತ್ತು. ತಲೆಯನ್ನು ಆಫೀಸಿನ ಮೇಜಿನ ಮೇಲೆ ಇಡಲಾಗುತ್ತದೆಯೆ?

ಇವರಲ್ಲಿ ಎಷ್ಟೋ ಮಂದಿ ಹತ್ತನೆ ತರಗತಿಯವರೆಗೆ ಓದಿದವರು. ಹತ್ತು ವರ್ಷ ಶಾಲೆಗೆ ಹೋದವರಿಗೆ ಒಂದು ಕಿರ್ದಿ ಪುಸ್ತಕ ಬರೆಯುವುದನ್ನು ಶಾಲೆ ಕಲಿಸಲಿಲ್ಲ. ಮಕ್ಕಳ ಕಂಪನಿಯ ಮಾತು ಇವತ್ತು ಆಡಬೇಕಾದದ್ದು ಇದಕ್ಕೇ.

ದಿಲ್ಲಿಯಲ್ಲಿ ನಡೆದದ್ದು

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದು ದಿಲ್ಲಿ. 2019ರಲ್ಲಿ ಅಲ್ಲಿನ ಸರಕಾರಿ ಶಾಲೆಗಳ 9ರಿಂದ 12ನೆ ತರಗತಿಗೆ ಉದ್ಯಮಶೀಲತೆಯ ಪಾಠ ಬಂತು. 2021ರಲ್ಲಿ ‘ಬಿಸಿನೆಸ್ ಬ್ಲಾಸ್ಟರ್ಸ್’ ಶುರುವಾಯಿತು. 11 ಮತ್ತು 12ನೆ ತರಗತಿಯ ಪ್ರತಿ ವಿದ್ಯಾರ್ಥಿಗೆ 2,000 ರೂಪಾಯಿ ಬೀಜಧನ. ಗುಂಪು ಕಟ್ಟಿ ವ್ಯಾಪಾರ ಮಾಡಿ ಎಂದಿತು ಸರಕಾರ. ಸುಮಾರು ಮೂರು ಲಕ್ಷ ಮಕ್ಕಳು, ಸುಮಾರು 60 ಕೋಟಿ ರೂಪಾಯಿಯ ಬಾಬ್ತು. ಟಿ.ವಿ.ಯಲ್ಲೂ ತೋರಿಸಿದರು.

ಧೈರ್ಯದ ಕೆಲಸವೇ ಸರಿ. ಬಡವರ ಮಕ್ಕಳ ಕೈಗೆ ಸರಕಾರ ನಂಬಿ ಹಣ ಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ಟಿ.ವಿ. ಬಂದ ಕಡೆ ಗೆದ್ದವರೇ ಕಾಣುತ್ತಾರೆ. ಕೈ ಸುಟ್ಟುಕೊಂಡ ಗುಂಪು ಏನು ಕಲಿಯಿತು, ಯಾವ ಲೆಕ್ಕ ತಪ್ಪಿತು, ಇದು ಪರದೆಗೆ ಬರುವ ಸರಕಲ್ಲ. ಪಾಠವೆಲ್ಲ ಇರುವುದು ಅಲ್ಲಿಯೇ. ಇನ್ನೊಂದು, ಸರಕಾರದ ದುಡ್ಡು ಅಂದರೆ ಯಾರ ದುಡ್ಡೂ ಅಲ್ಲ ಎಂಬ ಭಾವನೆ ದೊಡ್ಡವರಲ್ಲೇ ಇರುವಾಗ ಮಕ್ಕಳನ್ನು ಏನೆನ್ನುವುದು? ಪಕ್ಕದ ಮನೆಯವರ 50 ರೂಪಾಯಿಗೆ ಇರುವ ಹೆದರಿಕೆ ಖಜಾನೆಯ 2,000ಕ್ಕೆ ಇರುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

2025ರಲ್ಲಿ ದಿಲ್ಲಿಯ ಸರಕಾರ ಬದಲಾಯಿತು. ಹೊಸಬರು ‘ನೀವ್’ ಎಂಬ ಬೇರೆ ಯೋಜನೆ ತಂದರು. ಯೋಜನೆಗೆ ಪಕ್ಷದ ಬಣ್ಣ ಬಳಿದರೆ ಪಕ್ಷದ ಆಯುಸ್ಸೇ ಅದರ ಆಯುಸ್ಸು. ನಮ್ಮಲ್ಲಿ ಯಾರಾದರೂ ಇದನ್ನು ಮಾಡಹೊರಟರೆ ದೊಡ್ಡ ಹೆಸರು, ದೊಡ್ಡ ಉದ್ಘಾಟನೆ ಇಲ್ಲದೆ ಮಾಡುವುದು ಕ್ಷೇಮ.

ಪಾಠ ಇದೆ, ಕಂಪನಿ ಇಲ್ಲ

ಕರ್ನಾಟಕದಲ್ಲಿ ಹೊಸ ಪಠ್ಯ ಬರೆಯಬೇಕಾದ ಕಷ್ಟವೂ ಇಲ್ಲ. ರಾಜ್ಯದ ಹೈಸ್ಕೂಲು ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ಭೂಗೋಳದ ಜೊತೆಗೆ ‘ವ್ಯವಹಾರ ಅಧ್ಯಯನ’ ಎಂಬ ಭಾಗವೇ ಉಂಟು. ಬ್ಯಾಂಕು, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ ಎಲ್ಲ ಇದೆ. ಆದರೆ ಅದು ಪುಸ್ತಕದ ತುದಿಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರ. ‘ಉದ್ಯಮಿಯ ಲಕ್ಷಣಗಳನ್ನು ಪಟ್ಟಿ ಮಾಡಿ’ ಅಂತ ಪ್ರಶ್ನೆ, ಗೈಡು ನೋಡಿ ಉತ್ತರ. ಈಜುವುದು ಹೇಗೆಂದು ಬರೆಸಿ, ಕೆರೆ ತೋರಿಸದೆ ಪಾಸು ಮಾಡಿದ ಹಾಗೆ.

ಅಡ್ಡಿಗಳು ಇಲ್ಲವೆಂದಲ್ಲ. ಮೊದಲನೆಯದು ಕಾನೂನು. 1872ರ ಕರಾರು ಕಾಯಿದೆಯ ಪ್ರಕಾರ 18 ತುಂಬದವರು ಕರಾರು ಮಾಡುವಂತಿಲ್ಲ. ಹಾಗಾಗಿ ಶಾಲೆಯ ಕಂಪನಿ ನಿಜವಾದ ಕಂಪನಿ ಆಗಲಾರದು, ಆಗಬೇಕಾಗಿಯೂ ಇಲ್ಲ. ಅದರ ‘ಷೇರು’ ಒಂದು ಅಭ್ಯಾಸದ ರಸೀತಿ, ಹೆಡ್ಮಾಸ್ಟರು ಜವಾಬ್ದಾರಿ. ಮೊತ್ತ ಸಣ್ಣದಿದ್ದರೆ ಸಾಕು. ಬ್ಯಾಂಕು ಬೇಕೆಂದರೆ ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲೇ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ.

ಎರಡನೆಯದು ಮೇಷ್ಟ್ರು. ಇತಿಹಾಸ ಓದಿ ಬಂದವರಿಗೆ ದಾಸ್ತಾನು, ಸವಕಳಿ ಅಂತ ಕೇಳಿದರೆ ಪಾಪ, ಅವರೇನು ಮಾಡಿಯಾರು? ಜನಗಣತಿ, ಚುನಾವಣೆ ಎಂದು ಅವರ ಬೆನ್ನಿಗೆ ಈಗಾಗಲೇ ಹೇರಿರುವುದು ಸಾಕಷ್ಟಿದೆ. ಅಮೆರಿಕದವರು ಇದಕ್ಕೆ ಕಂಡುಕೊಂಡ ಉಪಾಯ ಊರಿನ ವ್ಯಾಪಾರಸ್ಥರು. ನಮ್ಮ ಪೇಟೆಬೀದಿಯಲ್ಲಿ ನಲವತ್ತು ವರ್ಷ ಗಲ್ಲಾ ಮೇಲೆ ಕೂತವರಿದ್ದಾರೆ. ವಾರಕ್ಕೊಂದು ಗಂಟೆ ಶಾಲೆಗೆ ಹೋಗಿ ಕೂತರೆ ಅವರ ಅಂಗಡಿ ಮುಳುಗುವುದಿಲ್ಲ. ಶಾಲೆಗೆ ಗಡಿಯಾರ, ಫ್ಯಾನು ದಾನ ಕೊಟ್ಟು ಅದರ ಮೇಲೆ ಹೆಸರು ಬರೆಸುವುದಕ್ಕಿಂತ ಇದು ಹೆಚ್ಚು ಬಾಳಿಕೆಯ ದಾನ.

ಮೂರನೆಯ ಆಕ್ಷೇಪಣೆ ಗಂಭೀರವಾದದ್ದು. ಮಕ್ಕಳ ತಲೆಗೆ ಈಗಲೇ ದುಡ್ಡಿನ ಹುಚ್ಚು ಹಿಡಿಸಬೇಕೆ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಆದರೆ ದುಡ್ಡಿನ ಹುಚ್ಚು ಹಿಡಿಸುತ್ತಿರುವುದು ಲೆಕ್ಕದ ಪುಸ್ತಕವಲ್ಲ, ಮೊಬೈಲು. ರಾತ್ರೋರಾತ್ರಿ ಶ್ರೀಮಂತರಾಗುವ ಜಾಹೀರಾತು, ದುಡ್ಡು ಕಟ್ಟಿ ಆಡುವ ಆಟ ಇವುಗಳ ಮುಂದೆ ಹುಡುಗ ಬೆತ್ತಲೆ ನಿಂತಿದ್ದಾನೆ. ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಕಾಯಿದೆ ಮಾಡಬೇಕಾಗಿ ಬಂತು. 1,500 ರೂಪಾಯಿ ಬಂಡವಾಳಕ್ಕೆ ವರ್ಷವೆಲ್ಲ ಒದ್ದಾಡಿ 100 ರೂಪಾಯಿ ಲಾಭ ಕಂಡ ಹುಡುಗನಿಗೆ, ಒಂದು ತಿಂಗಳಲ್ಲಿ ದುಡ್ಡು ದುಪ್ಪಟ್ಟು ಅನ್ನುವವನು ಕಳ್ಳ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಬಿಟ್ಟರೆ ಸಾಹುಕಾರರ ಮಗ ಅಧ್ಯಕ್ಷನಾಗುತ್ತಾನೆ, ಚೆಂದದ ಅಕ್ಷರದ ಹುಡುಗಿ ಲೆಕ್ಕ ಬರೆಯುತ್ತಾಳೆ, ಕೂಲಿಯವನ ಮಗ ಮೂಟೆ ಹೊರುತ್ತಾನೆ. ಹೊರಗಿನ ಪ್ರಪಂಚವನ್ನೇ ಶಾಲೆಯೊಳಗೆ ತಂದ ಹಾಗೆ. ಎರಡು ತಿಂಗಳಿಗೊಮ್ಮೆ ಕುರ್ಚಿ ಬದಲಾಗಬೇಕು. ಮೂಟೆ ಹೊತ್ತವನು ಲೆಕ್ಕ ಓದಬೇಕು, ಅಧ್ಯಕ್ಷನಾದವನು ಬಿಸಿಲಲ್ಲಿ ನಿಂತು ಚೀಲ ಮಾರಬೇಕು. ಕೂಲಿ ಅಂದರೆ ಏನೆಂದು ಮನೆಯಲ್ಲಿ ಕಂಡ ಹುಡುಗ ಕೂಲಿಯ ದರ ಗೊತ್ತುಮಾಡುವ ಸಭೆಯಲ್ಲಿ ಕೂತಾಗ ಅಲ್ಲಿನ ಮಾತೇ ಬೇರೆಯಾಗುತ್ತದೆ.

ಯಾರು ಮಾಡಬೇಕು?

ಇದಕ್ಕೆ ಬೆಂಗಳೂರಿನ ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ. ಜಿಲ್ಲೆಯ ಹತ್ತು ಹೈಸ್ಕೂಲು ಈ ವರ್ಷ ಸಂತೆಯನ್ನು ಒಂದು ದಿನದ ಜಾತ್ರೆಯಾಗಿ ಮಾಡದೆ ಆರು ತಿಂಗಳ ಕಂಪನಿಯಾಗಿ ಮಾಡಿ ನೋಡಲಿ. ಬೇಕಾದದ್ದು ಒಂದು ಕಿರ್ದಿ, ಒಂದು ಖಾತೆ ಪುಸ್ತಕ, ಒಂದು ಬೀಗದ ಪೆಟ್ಟಿಗೆ, ವಾರಕ್ಕೊಂದು ಪೀರಿಯಡ್ಡು, ಊರಿನ ಒಬ್ಬ ಅಂಗಡಿಯವರು. ಸಂತೆ ನಡೆಯಲಿ, ಮುಖಂಡರೂ ಬರಲಿ. ಆದರೆ ಅವರು ಬರಬೇಕಾದದ್ದು ಉದ್ಘಾಟನೆಗಲ್ಲ, ಸಮಾರೋಪಕ್ಕೆ. ಅವತ್ತು ಮಕ್ಕಳು ಷೇರುದಾರರ ಎದುರು ನಿಂತು ಇಷ್ಟು ಬಂತು, ಇಷ್ಟು ಹೋಯಿತು, ಇಲ್ಲಿ ತಪ್ಪಿದೆವು, ನಿಮ್ಮ 50 ರೂಪಾಯಿಗೆ 47 ಉಳಿದಿದೆ, ತಗೊಳ್ಳಿ ಅಂತ ಲೆಕ್ಕ ಒಪ್ಪಿಸಲಿ. ಮೂರು ರೂಪಾಯಿ ಕಳೆದುಕೊಂಡವರು ಬೈಯದೆ ಚಪ್ಪಾಳೆ ತಟ್ಟಲಿ.

ಊರ ದುಡ್ಡಿಗೆ ಊರ ಮುಂದೆ ಲೆಕ್ಕ ಒಪ್ಪಿಸುವ ಅಭ್ಯಾಸ ಹದಿನೈದನೆ ವಯಸ್ಸಿಗೆ ಬಂದರೆ, ಅಂಗಡಿಗೂ ಒಳ್ಳೆಯದು, ಮುಂದೆ ಪಂಚಾಯ್ತಿ, ಪುರಸಭೆಗೂ ಒಳ್ಳೆಯದು. ವಿದ್ಯಾ ಇಲಾಖೆಯವರು ಮತ್ತು ವರ್ತಕರ ಸಂಘದವರು ಒಂದು ಸಂಜೆ ಒಟ್ಟಿಗೆ ಕೂತು ಮಾತಾಡಲು ಏನು ಅಡ್ಡಿ?